ಸಿಂಗಾಪುರದ ರೈಲಿನಲ್ಲಿ ನಾನು ಸೀಟು ಹಿಡಿದದ್ದು

ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ರೋಣದಲ್ಲಿಲ್ಲ. ಗದಗಿನ ಬಸ್ಸು ನಿಲ್ದಾಣದೊಳಗೆ ತಿರುಗುವಷ್ಟರಲ್ಲಿ ನನ್ನ ಟವೆಲ್ಲು ಕಿಟಕಿಯಿಂದ ಹಾರಿ ಮೂರನೇ ಸೀಟಿನ ಮೇಲೆ ಬಿದ್ದಿರುತ್ತದೆ. ನಾನು ಚಹಾ ಮುಗಿಸಿ ಸಾವಕಾಶ ಹತ್ತುತ್ತೇನೆ. ಆ ಟವೆಲ್ಲನ್ನು ಈವರೆಗೆ ಯಾರೂ ಸರಿಸಿಲ್ಲ. ಇಂಥ ಅನುಭವಸ್ಥನಿಗೆ ಸಿಂಗಾಪುರದ ರೈಲು ಯಾವ ಲೆಕ್ಕ!

ನಮ್ಮ ಕಡಲೆ ವ್ಯಾಪಾರಿಗಳ ತಂಡ ಹೆಂಡಂದಿರ ಸಮೇತ ಅಲ್ಲಿಗೆ ಪ್ರವಾಸ ಹೋಗಿತ್ತು. ಕೊನೆಯ ದಿನ ನಾಲ್ಕು ಗಂಟೆಗೆ ಹೋಟೆಲ್ಲಿನಿಂದ ವಿಮಾನ ನಿಲ್ದಾಣಕ್ಕೆ ಬಸ್ಸು. ಮಧ್ಯಾಹ್ನ ಎಲ್ಲರೂ ಅಂಗಡಿ ಸುತ್ತಲು ಹೊರಟರು. ನಾನು ಹೋಗಲಿಲ್ಲ, ನನ್ನ ಬಳಿ ಒಂದು ಗುಟ್ಟಿತ್ತು. ಹೋದ ವರ್ಷ ಅಲ್ಲಿಗೆ ಹೋಗಿಬಂದಿದ್ದ ಗಜೇಂದ್ರಗಡದ ಸೀರೆ ಅಂಗಡಿಯ ವಿರೂಪಣ್ಣ ಕಿವಿಯಲ್ಲಿ ಉಸುರಿದ್ದ: "ಊರ ಅಂಚಿಗೆ ಒಂದು ಗುಡ್ಡ ಐತ್ರಿ. ಟಿಕೆಟ್ ಇಲ್ಲ, ಮಂದಿ ಇಲ್ಲ. ತುದಿಗೆ ನಿಂತ್ರ ಸಮುದ್ರ ಪೂರಾ ಕಾಣತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ!"

ನನ್ನ ಹೆಂಡತಿ ಶಿವಲೀಲಾ ಸೊಂಟಕ್ಕೆ ಕೈಯಿಟ್ಟಳು. "ನರಗುಂದದ ಗುಡ್ಡ ಹತ್ತೋಣು ಬರ್ರಿ ಅಂತ ಹತ್ತು ವರ್ಷಾತು ಕರಿಯಾಕತ್ತೇನಿ. ಮೊಣಕಾಲು ನೋಯತಾವು ಅಂತೀರಿ. ಈಗ ಸಮುದ್ರ ದಾಟಿ ಬಂದು ಗುಡ್ಡ ಹತ್ತತೀರೇನು?"

"ಏ, ಇದು ಫಾರಿನ್ ಗುಡ್ಡ!" ಎಂದೆ.

ಹೋಟೆಲ್ಲಿನ ಪಕ್ಕದ ನಿಲ್ದಾಣಕ್ಕೆ ಗುಡ್ಡದ ಕಡೆಯ ರೈಲು ಬಂತು. ಒಳಗೆ ಜನವೋ ಜನ. ಬಾಗಿಲ ಪಕ್ಕದಲ್ಲೇ ಒಂದು ಸೀಟು ಖಾಲಿ! ಕಿಟಕಿ ತೆರೆಯುವಂಥದ್ದಲ್ಲ, ಕೈಯಲ್ಲಿ ಟವೆಲ್ಲೂ ಇಲ್ಲ. ಇದ್ದದ್ದು ಕೈಚೀಲ. ಪ್ಲಾಟ್‌ಫಾರ್ಮಿನಿಂದಲೇ ಬೀಸಿ ಒಗೆದೆ. ಸರಿಯಾಗಿ ಸೀಟಿನ ಮೇಲೆ ಕೂತಿತು. ಶಭಾಷ್! ಹಿಂದೆ ತಿರುಗಿ, "ಸೀಟು ಹಿಡದೇನಿ, ಸಾವಕಾಶ ಬಾ" ಎಂದೆ.

ಬಾಗಿಲು ಮುಚ್ಚಿತು. ರೈಲು ಹೊರಟೇಹೋಯಿತು.

"ಪಾಸ್‌ಪೋರ್ಟ್ ಎಲ್ಲಿ ಅದಾವ್ರಿ?" ಎಂದಳು ಶಿವಲೀಲಾ.

"ಚೀಲದಾಗ."

"ಇಬ್ಬರದೂ?"

"ಇಬ್ಬರದೂ."

ಪಾಸ್‌ಪೋರ್ಟಿಲ್ಲದೆ ವಿಮಾನವಿಲ್ಲ. ತಂಡವೆಲ್ಲ ರೋಣ ಮುಟ್ಟುತ್ತದೆ, ನಾವಿಬ್ಬರು ಇಲ್ಲೇ! ನಿಲ್ದಾಣದ ಅಧಿಕಾರಿಣಿಯ ಬಳಿ ಓಡಿ, ನನ್ನ ಹರುಕು ಇಂಗ್ಲಿಷಿನಲ್ಲಿ ಅಹವಾಲು ಸಲ್ಲಿಸಿದೆ. ಚೀಲದಲ್ಲಿ ಬೇರೆ ಏನಿದೆ ಎಂದು ಆಕೆ ಕೇಳಿದಳು. ಸ್ಟೀಲ್ ಡಬ್ಬಿ ಎಂದೆ. ಡಬ್ಬಿಯಲ್ಲಿ? ಮನೆಯ ಖಾರದ ಶೇಂಗಾ ಚಟ್ನಿಪುಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಗಾಬರಿಯಲ್ಲಿ ಹೊಳೆಯಲಿಲ್ಲ.

"ಪೌಡರ್," ಎಂದೆ. ಆಕೆಯ ಮುಖ ಬದಲಾಯಿತು. ಸಮಾಧಾನಪಡಿಸಲೆಂದು ಮುಂದುವರಿಸಿದೆ: "ರೆಡ್ ಪೌಡರ್. ವೆರಿ ಸ್ಟ್ರಾಂಗ್!"

ಮೂರನೇ ನಿಲ್ದಾಣದಲ್ಲಿ ರೈಲನ್ನು ನಿಲ್ಲಿಸಿದರು. ಜನರನ್ನೆಲ್ಲ ಇಳಿಸಿದರು. ನಮ್ಮನ್ನು ಅಲ್ಲಿಗೆ ಕರೆದೊಯ್ದಾಗ ನನ್ನ ಚೀಲದ ಸುತ್ತ ಸಮವಸ್ತ್ರದವರು ನಿಂತಿದ್ದರು. ಹಿರಿಯ ಅಧಿಕಾರಿ ಒಂದು ಫಾರ್ಮ್ ಮುಂದಿಟ್ಟ. ಚೀಲ ಎಸೆದ ಕಾರಣ? "ನಮ್ಮ ಕಡೆ ಮೊದಲು ಚೀಲ ಹತ್ತುತ್ತದೆ, ಆಮೇಲೆ ಮನುಷ್ಯ ಹತ್ತುತ್ತಾನೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ಆತ ಎರಡು ಸಲ ಓದಿದ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಆತ ಡಬ್ಬಿ ತೆರೆದು ಮೂಸಿದ. ಸೀನು! ಒಂದಲ್ಲ, ನಾಲ್ಕು!

ಶಿವಲೀಲಾಳ ಕಣ್ಣು ತುಂಬಿತು. ಆಕೆ ಕೈಮುಗಿದು ಅಚ್ಚ ಕನ್ನಡದಲ್ಲಿ ಹೇಳಿದಳು: "ಸಾಹೇಬ್ರ, ಇವರು ಶಾಣ್ಯಾರಲ್ರಿ. ಆದ್ರ ಕೆಟ್ಟವರಲ್ಲ."

ಆತನಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಯ ಮುಖ ನೋಡಿದ, ನನ್ನ ಮುಖ ನೋಡಿದ, ಪೂರ್ತಿ ಒಪ್ಪಿದವನಂತೆ ತಲೆಯಾಡಿಸಿ ಚೀಲ ಕೊಟ್ಟ.

ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು, ಹೋಟೆಲ್ಲು ಮೂರು ನಿಲ್ದಾಣ ದೂರ. ಗುಡ್ಡದ ಮಾತನ್ನು ಯಾರೂ ಎತ್ತಲಿಲ್ಲ. ಬಂದ ರೈಲಿನ ಬೋಗಿ ಪೂರಾ ಖಾಲಿ. ಶಿವಲೀಲಾ ಕೂತಳು. ನಾನು ಪಕ್ಕದಲ್ಲಿ ಕೂರಲು ಬಗ್ಗಿದೆ.

"ಚೀಲ ಇಲ್ಲಿ ಕೊಡ್ರಿ," ಎಂದಳು. ಕೊಟ್ಟೆ. ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಮೇಲೆ ಕೈಯಿಟ್ಟು, "ನೀವು ನಿಂದರ್ರಿ!" ಎಂದಳು.

ಸುತ್ತ ಅಷ್ಟೊಂದು ಸೀಟುಗಳಿದ್ದವು. ಮೂರೂ ನಿಲ್ದಾಣ ನಿಂತೇ ಬಂದೆ.