ಧೋತರ ಉಟ್ಟ ಜೀಪು

ನಮ್ಮ ಕಾಕಾನಷ್ಟು ಒಳ್ಳೆಯ ಮನುಷ್ಯ ಹುಕ್ಕೇರಿ ತಾಲೂಕಿನಲ್ಲೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ, ಹೇಳುವುದಕ್ಕೇನು ದುಡ್ಡು ಕೊಡಬೇಕೇ? ಅವರಲ್ಲಿ ಒಬ್ಬರಾದರೂ ತುಂಬು ಬಸುರಿಯಾಗಿ ಅವನ ಜೀಪಿನಲ್ಲಿ ಕೂತಿದ್ದಾರೆಯೇ? ನಾನು ಕೂತಿದ್ದೇನೆ. ಆದ್ದರಿಂದ ಅವನ ಒಳ್ಳೆಯತನದ ಬಗ್ಗೆ ಮಾತಾಡುವ ಅಧಿಕಾರ ನನಗೊಬ್ಬಳಿಗೇ ಇದೆ.

ತೊಂಬತ್ತರ ದಶಕದ ಮಾತು. ಮೊದಲ ಹೆರಿಗೆಗೆಂದು ಗಂಡನ ಊರು ಮೂಡಲಗಿಯಿಂದ ತವರಿಗೆ ಬಂದಿದ್ದೆ. ತವರೆಂದರೆ ಘೋಡಗೇರಿ, ಅದೂ ಊರೊಳಗಲ್ಲ, ಊರಾಚೆ ಕಬ್ಬಿನ ನಡುವಿನ ತೋಟದ ಮನೆ. ಮಳೆ ಹಿಡಿಯಿತೆಂದರೆ ಅಲ್ಲಿಂದ ಡಾಂಬರು ರಸ್ತೆಯವರೆಗೆ ಬರೀ ಕರಿಮಣ್ಣಿನ ರಾಡಿ. ಚಕ್ಕಡಿ ಹೂತುಹೋಗುತ್ತದೆ, ಸ್ಕೂಟರಿನ ಮಾತೇ ಬೇಡ. ಆ ರಾಡಿಯನ್ನು ದಾಟುತ್ತಿದ್ದದ್ದು ಒಂದೇ ಒಂದು ವಾಹನ. ಅಪ್ಪನ ತಮ್ಮ, ಮದುವೆಯ ಗೊಡವೆಗೇ ಹೋಗದ ನಮ್ಮ ಕಾಕಾ, ಮಿಲಿಟರಿಯವರ ಹರಾಜಿನಲ್ಲಿ ಹಿಡಿದು ತಂದ ಹಳೆಯ ಜೀಪು. ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು; ಗುಡ್ಡ ಹತ್ತುತ್ತಿತ್ತು, ಹಳ್ಳ ದಾಟುತ್ತಿತ್ತು. ನನ್ನ ಹೆರಿಗೆಯ ಆಸ್ಪತ್ರೆ ಇದ್ದದ್ದು ಸಂಕೇಶ್ವರದಲ್ಲಿ.

"ಚಿಂತಿ ಮಾಡಬ್ಯಾಡ ತಂಗಿ, ಜೀಪ್ ಐತಲ್ಲ," ಎಂದ ಕಾಕಾ. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ಜೀಪೇನೋ ಇತ್ತು, ಆದರೆ ಅದು ಕುದಿಯುತ್ತಿತ್ತು! ಸುಡುಬಿಸಿಲಲ್ಲಿ ಮೇಲವಂಕಿಯ ಬೀಗರ ಮನೆಗೆ ಹೋಗಿ ಬಂದರೂ ತಣ್ಣಗಿದ್ದ ಗಾಡಿ, ಶ್ರಾವಣದ ತಂಪು ಬಿದ್ದಮೇಲೆ ಬಾನೆಟ್ಟಿನಿಂದ ಉಗಿ ಬಿಡತೊಡಗಿತು. ಇದೆಂಥ ನ್ಯಾಯ ಹೇಳಿ?

ಸಂಕೇಶ್ವರದ ಮಿಸ್ತ್ರಿ ಮೊದಲು ರೇಡಿಯೇಟರ್ ಬಿಚ್ಚಿ ತೊಳೆದ. ಕುದಿಯಿತು. ಹೊಸ ಫ್ಯಾನ್ ಬೆಲ್ಟ್ ಹಾಕಿದ. ಕುದಿಯಿತು. ನೀರಿನ ಪಂಪು ಬದಲಿಸಿದ. ಆಗಲೂ ಕುದಿಯಿತು. ಕಡೆಗೆ ಮಿಸ್ತ್ರಿಯೇ ಕುದಿದ.

"ಸಾವಕಾರ್ರ, ನನ್ನ ಮುಂದ ತಾಸಗಟ್ಟಲೆ ಚಾಲೂ ಇಟ್ಟರೂ ಬಿಸಿ ಆಗೂದಿಲ್ರಿ. ನಿಮ್ಮ ಕೈಯಾಗ ಹೋತಂದ್ರ ಕುದೀತೈತಿ. ದೋಷ ಗಾಡಿದಲ್ಲ."

"ಮತ್ತ ಯಾರದಪಾ?"

ಮಿಸ್ತ್ರಿ ಮರ್ಯಾದಸ್ಥ. ಸುಮ್ಮನೆ ಕೈ ಒರೆಸಿಕೊಂಡನಂತೆ.

ಡಾಕ್ಟರರಿಗೆ ತೋರಿಸುವ ದಿನ ಬಂತು, ನಾನೂ ಜೀಪು ಹತ್ತಿದೆ. ಹುಕ್ಕೇರಿ ಇನ್ನೂ ದೂರವಿತ್ತು, ಮುಂದಿನಿಂದ ಬುಸ್ ಎಂದಿತು. ಕಾಕಾ ಇಳಿದು ಹಿಂದಿನಿಂದ ತಾಮ್ರದ ಕೊಡ ತೆಗೆದ. ಅದರಲ್ಲಿ ಮನೆಯಲ್ಲೇ ಅರಿವೆಯಿಂದ ಸೋಸಿ ತಂದ ನೀರು. ನಾವು ಜೈನರು, ಸೋಸದ ನೀರು ಕುಡಿಯುವುದಿಲ್ಲ, ಒಪ್ಪಿದೆ. ಜೀಪೂ ಜೈನವೇ?

"ಹಂಗ ಹಾಕಿದ್ರ ನೀರಾಗಿನ ಜೀವ ಒಳಗ ಕುದ್ದು ಸಾಯ್ತಾವ ತಂಗಿ," ಎಂದ.

ಬೆನ್ನು ಹಿಡಿದುಕೊಂಡಿತ್ತು. ಎರಡು ಹೆಜ್ಜೆ ಅಡ್ಡಾಡೋಣವೆಂದು ಇಳಿದು ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟೆ. ರೇಡಿಯೇಟರಿನ ಜಾಳಿಗೆಯ ಮೇಲೆ ಅಜ್ಜನ ಹಳೆಯ ಧೋತರ! ನಾಲ್ಕು ಮಡಿಕೆ ಮಾಡಿ, ಮೂಲೆಮೂಲೆಗೆ ಲಾಡಿ ಹಚ್ಚಿ ಬಿಗಿದಿದ್ದ. ಕಾಕಾ ಅದನ್ನು ಮೆಲ್ಲಗೆ ಬಿಚ್ಚಿ, ಬೇಲಿಯ ಹತ್ತಿರ ಒಯ್ದು, ಅಂಟಿಕೊಂಡಿದ್ದ ಹುಳಗಳನ್ನು ಎಲೆಗಳ ಮೇಲೆ ಇಳಿಸತೊಡಗಿದ.

"ಕಾಕಾ, ಏನಿದು?"

"ಚಾತುರ್ಮಾಸ ಅಲ್ಲೇನು? ಮಳಿಗಾಲದಾಗ ಹುಳ ಭಾಳ. ಸೀದಾ ಬಂದು ಬಡದು ಸುಟ್ಟು ಹೋಗ್ತಾವ."

"ಮತ್ತ ಗಾಳಿ ಎಲ್ಲಿಂದ ಹೋಗಬೇಕು ಒಳಗ?"

"ಹೋಗತೈತಿ. ಅರಿವಿ ಅದು, ಗ್ವಾಡಿ ಅಲ್ಲ."

"ನಿನ್ನ ಮೂಗಿಗೆ ಕಟ್ಟಲೇನು ನಾಲ್ಕು ಮಡಿಕಿ?"

ಈಗ ಎಲ್ಲ ತಿಳಿಯಿತು. ಸಂಕೇಶ್ವರ ಹತ್ತಿರ ಬಂತೆಂದರೆ ಈ ಮಹಾಶಯ ಧೋತರ ಬಿಚ್ಚಿ ಸೀಟಿನ ಕೆಳಗೆ ಇಡುತ್ತಿದ್ದ. ಯಾಕೆ? ಗ್ಯಾರೇಜಿನ ಗ್ರೀಸು ಹತ್ತಿ ಅಜ್ಜನ ಧೋತರ ಹೊಲಸಾಗುತ್ತದಂತೆ! ಪಾಪ, ಮಿಸ್ತ್ರಿ ಇಡೀ ಎಂಜಿನ್ನು ಹುಡುಕಿದ. ಸೀಟಿನ ಕೆಳಗೆ ಯಾರು ನೋಡುತ್ತಾರೆ?

ಮನೆಗೆ ಬಂದು ರಂಪ ಮಾಡಿದೆ. ಧೋತರ ತೆಗೆಯದಿದ್ದರೆ ಮೂಡಲಗಿಗೆ ವಾಪಸು ಹೋಗುತ್ತೇನೆಂದು ಹೆದರಿಸಿದೆ. "ಹೋಗಾಕೂ ಅದ ಜೀಪ್ ಬೇಕಲ್ಲ," ಎಂದಳು ಅವ್ವ. ನನಗೆ ಇನ್ನಷ್ಟು ಸಿಟ್ಟು ಬಂತು. ಕಾಕಾ ಬಹಳ ವಿಚಾರ ಮಾಡಿ ರಾಜಿಗೆ ಬಂದ. ನಾಲ್ಕು ಮಡಿಕೆ ಎರಡಾಯಿತು. ಫಲ ಏನು? ಹುಕ್ಕೇರಿಯ ಈಚೆ ಕುದಿಯುತ್ತಿದ್ದ ಜೀಪು ಈಗ ಹುಕ್ಕೇರಿಯ ಆಚೆ ಕುದಿಯಿತು. ಇದನ್ನೂ ಸುಧಾರಣೆ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ.

"ನನಗ ಬ್ಯಾನಿ ಎದ್ದಾಗ ಹಾದ್ಯಾಗ ನಿಂತ್ರ ಏನ್ ಮಾಡ್ತಿ?" ಎಂದು ಕೇಳಿದೆ.

"ಇನ್ನೊಂದು ಕೊಡ ಒಯ್ಯೂಣು."

ಆಗ ನನಗೆ ತಡೆಯಲಾಗಲಿಲ್ಲ. "ಹುಳದ್ದು ಜೀವ. ನಂದು, ನನ್ನ ಹೊಟ್ಯಾಗಿಂದು ಏನು ಕಾಕಾ?" ಎಂದು ಅಳುತ್ತಾ ಒಳಗೆ ಹೋದೆ. ಆಮೇಲೆ ನಾನು ಅವನ ಜೊತೆ ಮಾತು ಬಿಟ್ಟೆ.

ನೋವು ಶುರುವಾದದ್ದು ಒಂದು ಸಂಜೆ, ಮಳೆ ಬಿಟ್ಟ ಹೊತ್ತಿಗೆ. ನೆಲದೊಳಗಿಂದ ರೆಕ್ಕೆಯ ಹುಳಗಳು ಮುಗಿಲಿಗೆ ಏಳುವ ಹೊತ್ತೇ ಅದು. ನನ್ನ ಹಣೆಬರಹ ನೋಡಿ! ಅವ್ವ ನನ್ನನ್ನು ಹಿಡಿದುಕೊಂಡು ಹಿಂದೆ ಕೂತಳು.

"ನೀರಿನ ಕೊಡ ಇಟಗೊಂಡಿಯಿಲ್ಲೋ?" ಎಂದು ಕಾಕಾನನ್ನು ಕೇಳಿದಳು.

"ಬ್ಯಾಡ ವೈನಿ," ಎಂದು ಅತ್ತಿಗೆಗೆ ಅಷ್ಟೇ ಹೇಳಿ ಹೊರಟ.

ರಾಡಿ ದಾಟಿತು. ಡಾಂಬರು ರಸ್ತೆಗೆ ಬಂದಮೇಲೆ ಕಾಕಾ ಎಂದೂ ಓಡಿಸದ ಹಾಗೆ ಓಡಿಸಿದ. ಮುಂದಿನ ಗಾಜಿಗೆ ಹುಳಗಳು ಪಟಪಟ ಬಡಿಯುತ್ತಿದ್ದವು. ಒಂದೊಂದು ನೋವಿನ ನಡುವೆಯೂ ನಾನು ಆ ಬುಸ್ ಎಂಬ ಸದ್ದು ಬಂದೀತೆಂದು ಹೆದರುತ್ತಿದ್ದೆ. ಹುಕ್ಕೇರಿ ಬಂತು, ಹೋಯಿತು. ಜೀಪು ನಿಲ್ಲಲಿಲ್ಲ. ಕಾಕಾ ಸ್ಟೇರಿಂಗ್ ಹಿಡಿದು, ಸಣ್ಣ ದನಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಲೇ ಇದ್ದ. ಸಂಕೇಶ್ವರ ಮುಟ್ಟುವವರೆಗೂ ಅವನು ಅದನ್ನು ಬಿಡಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಇನ್ನೂ ತಡವಾಗಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಬೆಳಗಾದಮೇಲೆ ಅವ್ವ ಹೊರಗೆ ಹೋಗಿ ಬಂದು ಹೇಳಿದಳು. ಕಾಕಾ ಧೋತರವಿಲ್ಲದ ಜೀಪಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ರೇಡಿಯೇಟರಿನ ಸಂದಿಗಳಿಂದ ಸತ್ತ ಹುಳಗಳನ್ನು ಒಂದೊಂದಾಗಿ ಬಿಡಿಸಿ ಟವೆಲ್ಲಿನಲ್ಲಿ ಕೂಡಿಸುತ್ತಿದ್ದಾನೆ. ಒಂದು ಗುಟುಕು ನೀರೂ ಕುಡಿದಿಲ್ಲ, ಉಪವಾಸವಂತೆ.

ಕರೆಸಿದೆ. ಬಂದು ಬಾಗಿಲಲ್ಲೇ ನಿಂತ. ಕಣ್ಣು ಕೆಂಪಗಿದ್ದವು. ಕೂಸನ್ನು ದೂರದಿಂದಲೇ ಬಹಳ ಹೊತ್ತು ನೋಡಿದ.

"ಎತಗೋ ಕಾಕಾ," ಎಂದೆ.

ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. "ಇವತ್ತ ಬ್ಯಾಡ ತಂಗಿ. ನಿನ್ನಿ ಸತ್ತ ಹುಳದ ಪಾಪೆಲ್ಲಾ ಈ ಕೈ ಮ್ಯಾಲ ಐತಿ. ಕೂಸಿಗೆ ಹತ್ತೂದು ಬ್ಯಾಡ. ಉಪವಾಸ ಮುಗೀಲಿ, ನಾಳಿ ಎತಗೋತೇನಿ."

ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ. ಅವ್ವ ಬೇಡವೆನ್ನುತ್ತಿದ್ದರೂ ಮಂಚದಿಂದ ಇಳಿದೆ. ಕೂಸನ್ನು ಒಯ್ದು ಅವನ ಎದೆಗೆ ಒತ್ತಿ ಹಿಡಿದು, "ಕೈ ಮುಂದ ತಗೀ, ಇಲ್ಲಾಂದ್ರ ಬಿಡತೇನಿ ನೋಡು," ಎಂದೆ. ಕಾಕಾ ಗಾಬರಿಯಾಗಿ ಎರಡೂ ಕೈ ಮುಂದೆ ತಂದ.