ನಿಜವಾದ ಜೂನ್ ಒಂದು

ನಮ್ಮ ಮಾವನವರು ತಾವು ಹುಟ್ಟಿದ್ದನ್ನೇ ಪೂರ್ತಿ ನಂಬಿರಲಿಲ್ಲ. ಇನ್ನು ಬೇರೆಯವರು ಹುಟ್ಟಿದ್ದನ್ನು ನಂಬುತ್ತಾರೆಯೇ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಉಳಿದವರು ಬಾಯಲ್ಲಿ ಹೇಳುತ್ತಾರೆ. ಇವರು ಅದನ್ನೇ ಹಾಸಿ ಹೊದ್ದು ಮಲಗುತ್ತಿದ್ದರು. ನಾನು ಸೊಸೆಯಾಗಿ ರಾಜಾಜಿನಗರದ ಆ ಮನೆಗೆ ಬಂದ ಮೊದಲ ಬೆಳಿಗ್ಗೆ ಹಾಲಿನವನು ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದಿದ್ದ. ಮಾವನವರು ಅವನ ಚೊಂಬನ್ನು ಬೋರಲು ಹಾಕಿಸಿದರು, ಅಂಗಿಯ ತೋಳು ಮಡಿಸಿ ತೋರಿಸು ಎಂದರು. ಅಷ್ಟಕ್ಕೂ ಸಮಾಧಾನವಾಗದೆ ಹಸುವಿನ ಮುಖವನ್ನೇ ದಿಟ್ಟಿಸಿ, "ನೆನ್ನೆ ಬಂದಿದ್ದು ಇದೇ ಹಸೂನಾ?" ಎಂದು ಕೇಳಿದರು.

"ಅದನ್ನೇ ಕೇಳಿ ಸಾಮಿ" ಎಂದು ಹಾಲಿನವನು ಕರೆಯಲು ಕೂತ.

ಹಾಲಿನದು ಮುಗಿದ ಮೇಲೆ ಕ್ಯಾಲೆಂಡರಿನ ಸರದಿ. ಅಕ್ಕಿ ಮಂಡಿಯವರು ಕೊಟ್ಟ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರದು. ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆ ದಿನದ ವಿಶೇಷಗಳು ಇರುತ್ತಿದ್ದವು: ಹುಟ್ಟಿದ ರಾಜರು, ಮುಳುಗಿದ ಹಡಗುಗಳು, ಗೆದ್ದ ಯುದ್ಧಗಳು. ಮಾವನವರು ಕನ್ನಡಕ ಏರಿಸಿಕೊಂಡು, ಕಳ್ಳನನ್ನು ವಿಚಾರಣೆಗೆ ನಿಲ್ಲಿಸಿದವರಂತೆ ಒಂದೊಂದನ್ನೇ ಓದುತ್ತಿದ್ದರು.

"ರಾಜ ಹುಟ್ಟಿದ್ನಂತೆ. ಯಾರ್ ನೋಡಿದೋರು?"

"ಇಡೀ ದೇಶಾನೇ ನೋಡಿರುತ್ತೆ ಬಿಡಪ್ಪ" ಎಂದು ನನ್ನ ಯಜಮಾನರು ಒಮ್ಮೆ ಬಾಯಿ ಹಾಕಿದರು.

"ದೇಶ ಒಳಗ್ ಹೋಗಿತ್ತೇನೋ? ಒಳಗಿದ್ದೋಳು ಸೂಲಗಿತ್ತಿ. ಅವ್ಳು ಮಗೂ ಹಿಡ್ಕೊಳ್ತಾಳೋ, ತಾರೀಕು ಹಿಡ್ಕೊಳ್ತಾಳೋ?"

ಹಡಗಿನ ಗತಿಯೂ ಅಷ್ಟೇ. "ಮುಳುಗಿದೋರು ಎದ್ ಬಂದು ಹೇಳಿದ್ರಾ?" ಎಂದು ಹಾಳೆ ಹರಿದು ಮುದ್ದೆ ಮಾಡಿ ಒಲೆಗೆ ಹಾಕುತ್ತಿದ್ದರು. ನಮ್ಮ ಬಚ್ಚಲ ಒಲೆಯಲ್ಲಿ ಅದೆಷ್ಟು ಸಾಮ್ರಾಜ್ಯಗಳು ಉರಿದು ಬಿಸಿನೀರಾದವೋ!

ಈ ಕಾಯಿಲೆಗೆ ಒಂದು ಮೂಲವಿತ್ತು. ಮಾವನವರದು ಹೊಸಹಳ್ಳಿಯ ಬೇಸಾಯದ ಮನೆತನ. ಅವರು ಹುಟ್ಟಿದ್ದು ಪ್ಲೇಗಿನ ವರ್ಷ ಎಂಬುದಷ್ಟೇ ಊರಿಗೆ ಗೊತ್ತು. ಅವರನ್ನು ಸಾಕಿದ ದೊಡ್ಡಪ್ಪ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರು ಹುಟ್ಟಿದ ತಾರೀಖು ಕೇಳಿದರಂತೆ. "ರಾಗಿ ತೆನೆ ಒಡೆದಿತ್ತು ಸಾಮಿ" ಎಂದರಂತೆ ದೊಡ್ಡಪ್ಪ. ಮೇಷ್ಟ್ರು ತಲೆಯಾಡಿಸಿ ಜೂನ್ ಒಂದು ಎಂದು ಬರೆದುಕೊಂಡರು. ಜೂನ್ ಒಂದಕ್ಕೆ ರಾಗಿ ಬಿತ್ತನೆಯೂ ಆಗಿರುವುದಿಲ್ಲ, ಆ ಮಾತು ಬೇರೆ. ಪಕ್ಕದ ಹುಡುಗನಿಗೂ ಜೂನ್ ಒಂದು, ಅದರಾಚೆಯವನಿಗೂ ಜೂನ್ ಒಂದು. ಮುಂದೆ ಆ ಬೆಂಚಿಗೆ ಬೆಂಚೇ ಒಂದೇ ಬಟ್ಟೆ ಗಿರಣಿ ಸೇರಿ, ಒಂದೇ ದಿನ ನಿವೃತ್ತಿಯಾಯಿತು. "ನೀವೆಲ್ಲಾ ಒಂದೇ ತಾಯಿ ಮಕ್ಕಳೇನ್ರೀ?" ಎಂದು ಗಿರಣಿಯ ಮ್ಯಾನೇಜರು ಕೇಳಿದರೆ ಮಾವನವರು, "ಇಲ್ಲ ಸಾರ್, ಒಂದೇ ಮೇಷ್ಟ್ರ ಮಕ್ಳು" ಎಂದಿದ್ದರು.

ನಾನು ಬಸುರಿಯಾದಾಗ ಅವರ ಅನುಮಾನವೆಲ್ಲ ಒಂದೇ ಕಡೆ ಹರಿಯತೊಡಗಿತು. ಈ ಮನೆಯಲ್ಲಿ ಒಬ್ಬರಿಗಾದರೂ ನಿಜವಾದ ತಾರೀಖು ಇರಬೇಕು, ಅದನ್ನು ತಾವೇ ಮುಂದೆ ನಿಂತು ನೋಡಿಕೊಳ್ಳಬೇಕು ಎಂಬ ಹಟ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ತಾನೆ? ಕರೆದೊಯ್ಯಲು ಕೆಂಗೇರಿಯಿಂದ ಬಂದ ನಮ್ಮ ತಂದೆಗೆ, "ಅಲ್ಲಿ ಹುಟ್ಟಿದ್ರೆ ನೋಡೋರ್ ಯಾರು?" ಎಂದುಬಿಟ್ಟರು. "ಯಾಕೆ, ನಮಗೇನು ಕಣ್ಣಿಲ್ವಾ?" ಎಂದು ತಂದೆ ಸಿಡಿದರು. ಮಾವನವರು ವಿನಯವಾಗಿ, "ಕಣ್ಣಿದೆ ಬೀಗರೆ, ಜ್ಞಾಪಕದ ಮೇಲೆ ನಂಗನುಮಾನ" ಎಂದರು. ತಂದೆ ಕಾಫಿಯನ್ನೂ ಕುಡಿಯದೆ ಹೊರಟುಹೋದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನೋವು ಶುರುವಾದದ್ದು ಮೇ ಮೂವತ್ತೊಂದರ ಮಧ್ಯಾಹ್ನ. ಜಟಕಾದಲ್ಲಿ ಹೆರಿಗೆ ಆಸ್ಪತ್ರೆಗೆ ಹೊರಟರೆ ಮಾವನವರು ಮುಂದೆ ಕೂತಿದ್ದರು, ತೊಡೆಯ ಮೇಲೆ ಗೋಡೆಯಿಂದ ಕಿತ್ತು ತಂದ ಕ್ಯಾಲೆಂಡರು! ದಾರಿಯುದ್ದಕ್ಕೂ ಒಂದೇ ಮಾತು: "ಅವ್ವಾ, ಇವತ್ತೇ ಮುಗಿಸ್ಬಿಡು. ನಾಳೆ ಒಂದ್ ಬ್ಯಾಡ ಕಣವ್ವ." ಅದೇನು ನನ್ನ ಕೈಲಿದೆಯೇ? ನಾನು ಹಲ್ಲು ಕಚ್ಚಿಕೊಂಡು ಅತ್ತೆಯವರ ಕಡೆ ನೋಡಿದೆ. "ಬೈಕೋಬೇಡ ಕಣೇ" ಎಂದು ಅತ್ತೆ ನನ್ನ ಕಿವಿಯ ಹತ್ತಿರ ಬಂದರು. "ಇವ್ರು ಹುಟ್ಟಿದ್ದು ಊರಾಚೆ, ನಾಯಂಡಹಳ್ಳಿ ಕಡೆ ಹೊಲದಲ್ಲಿ ಹಾಕಿದ್ದ ಪ್ಲೇಗ್ ಗುಡಿಸಲಲ್ಲಿ. ಅಲ್ಲಿದ್ದೋರು ಒಬ್ರೂ ಉಳೀಲಿಲ್ಲ, ಹೆತ್ತೋಳೂ ಉಳೀಲಿಲ್ಲ. ಅಳೋ ಸದ್ದು ಕೇಳಿ ದೊಡ್ಡಪ್ಪ ಹೋಗಿ ಎತ್ಕೊಂಡ್ ಬಂದ್ರಂತೆ."

ಆ ನೋವಿನಲ್ಲೂ ನನ್ನ ಸಿಟ್ಟು ಇಳಿದುಹೋಯಿತು. ಯಾರು ನೋಡಿದವರು ಎಂದು ದಿನವೂ ಕೇಳುವ ಆ ಮನುಷ್ಯ ಯಾವ ರಾಜನ ವಿಷಯವನ್ನೂ ಕೇಳುತ್ತಿರಲಿಲ್ಲ ಎಂದು ಆಗ ತಿಳಿಯಿತು.

ಮಗು ಹುಟ್ಟಿದ್ದು ಮಾರನೆಯ ಬೆಳಿಗ್ಗೆ. ಅಂದರೆ ಜೂನ್ ಒಂದು! ಮಾವನವರು ರಾತ್ರಿಯೆಲ್ಲ ಆಸ್ಪತ್ರೆಯ ಜಗಲಿ ಬಿಟ್ಟು ಕದಲಿರಲಿಲ್ಲವಂತೆ. ನರ್ಸಮ್ಮ ಮಗು ತಂದು ತೋರಿಸಿದರೆ, "ಇದು ನಮ್ದೇ ತಾನೇ?" ಎಂದರಂತೆ. "ಮೂಗು ನೋಡಿ ಸಾರ್, ಬೇರೆ ಯಾರು ತಗೊಂಡ್ ಹೋಗ್ತಾರೆ?" ಎಂದಳಂತೆ ಆಕೆ.

ಮೊಮ್ಮಗಳನ್ನು ಶಾಲೆಗೆ ಸೇರಿಸುವ ದಿನ ಮಾವನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡರು. ನಾನೂ ಜೊತೆಗಿದ್ದೆ. ಮಾವನವರು ಹೇಳಿದ ತಾರೀಖು ಕೇಳಿದ ಕೂಡಲೇ ಹೆಡ್‌ಮೇಷ್ಟ್ರು ಪೆನ್ನು ಕೆಳಗಿಟ್ಟು ನಕ್ಕರು.

"ಜೂನ್ ಒಂದಾ? ನಾವು ಬರ್ಕೊಳ್ಳೋದನ್ನ ನೀವೇ ಹೇಳ್ಬಿಟ್ರಲ್ಲ ಯಜಮಾನ್ರೇ."

"ಇದು ನಿಜ್ವಾದ್ ಜೂನ್ ಒಂದು ಸಾರ್."

"ಹಾಗಾದ್ರೆ ಸುಳ್ಳು ಜೂನ್ ಒಂದು ಅಂತಾನೂ ಇದೆಯಾ?"

"ಇದೆ ಸಾರ್. ಅದು ನಂದು."

"ಎಲ್ಲಾರೂ ಹಿಂಗೇ ಹೇಳ್ತಾರೆ ಬಿಡಿ" ಎಂದರು ಹೆಡ್‌ಮೇಷ್ಟ್ರು. ಜೀವಮಾನವಿಡೀ ಯಾರನ್ನೂ ನಂಬದಿದ್ದವರನ್ನು ಈಗ ನಂಬುವವರಿಲ್ಲ. ಮಾವನವರು ಮೇಜಿನ ಅಂಚು ಹಿಡಿದುಕೊಂಡರು. "ನಾನ್ ನೋಡಿದೀನಿ ಸಾರ್" ಎಂದರು. ಅವರ ದನಿ ಕೇಳಿ ಹೆಡ್‌ಮೇಷ್ಟ್ರು ನಗು ನಿಲ್ಲಿಸಿ ಬರೆದುಕೊಂಡರು.

ಅದಾಗಿ ಕೆಲವೇ ದಿನಕ್ಕೆ ಮಗಳ ಹುಟ್ಟಿದ ಹಬ್ಬ ಬಂತು. ಪ್ರತಿ ವರ್ಷ ಆ ದಿನ ಮಾವನವರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕ್ಯಾಲೆಂಡರಿನ ಹಾಳೆ ಓದುವರು. ಓದಿ ಮುಗಿಸಿ, "ಇದನ್ನೆಲ್ಲಾ ಯಾರ್ ನೋಡಿದ್ರೋ. ಈಗ ನಿಜ ಕೇಳು" ಎಂದು ಶುರುಮಾಡುವರು: ಅವತ್ತು ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ನೀರು ಬಂತು, ನರ್ಸಮ್ಮನ ಚಪ್ಪಲಿ ಕಿತ್ತುಹೋಯಿತು, ಜಟಕಾ ಕುದುರೆ ಕೆನೆಯಿತು, ನೀನು ಅತ್ತೆ, ನಿಮ್ಮಮ್ಮ ನಿನ್ನ ನೋಡಿ ನಕ್ಕಳು.

ಆ ವರ್ಷವೂ ಎಲ್ಲ ಹೇಳಿದರು. ಮಗಳು ಇಳಿಯಲಿಲ್ಲ. ಶಾಲೆಯ ಮಾತು ಅವಳ ತಲೆಯಲ್ಲಿ ಕೂತಿತ್ತು.

"ತಾತ, ನಿಂದೂ ಇವತ್ತೇ ಅಲ್ವಾ? ನಿಂದು ಹೇಳು."

"ನನ್ನ ನೋಡಿದೋರು ಯಾರೂ ಇಲ್ಲ ಕಣ್ ಮಗ."

ಅವಳು ಸ್ವಲ್ಪ ಯೋಚಿಸಿದಳು. "ಹಂಗಾದ್ರೆ ನಾನ್ ಹೇಳ್ತೀನಿ. ಅವತ್ತು ನಲ್ಲೀಲಿ ನೀರ್ ಬಂತು. ನರ್ಸಮ್ಮನ ಚಪ್ಲಿ ಕಿತ್ತೋಯ್ತು. ಕುದ್ರೆ ಕೆನೀತು. ನೀನ್ ಅತ್ತೆ. ನಿಮ್ಮಮ್ಮ ನಿನ್ನ ಎತ್ಕೊಂಡು ನೋಡಿದ್ರು. ನೋಡಿ ನಕ್ರು."

ಅಡುಗೆಮನೆಯ ಬಾಗಿಲಲ್ಲಿ ನಾನೂ ಅತ್ತೆಯೂ ನಿಂತಿದ್ದೆವು. ಹೊಲದ ನಡುವಿನ ಗುಡಿಸಲಿಗೆ ಬೀದಿ ನಲ್ಲಿ ಎಲ್ಲಿಂದ ಬರಬೇಕು, ನರ್ಸಮ್ಮ ಎಲ್ಲಿಂದ ಬರಬೇಕು? ಹಸುವನ್ನೇ ಬಿಡದ ಮನುಷ್ಯ ಇದನ್ನು ಬಿಟ್ಟಾರೆಯೇ? ಈಗ ಕೇಳುತ್ತಾರೆ, ಇನ್ನೇನು ಕೇಳುತ್ತಾರೆ ಎಂದು ಕಾದೆವು.

ಮಾವನವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಆಮೇಲೆ?" ಎಂದರು.