ನರದ ಔಷಧಿ

ಆ ಭಾನುವಾರ ಬೆಳಿಗ್ಗೆ ವೀರೇಶ ಹೇಳಿದ್ದು ಒಂದೇ ಒಂದು ಸುಳ್ಳು. ಅದರಲ್ಲೂ ಅರ್ಧ ನಿಜ ಬೆರೆತಿತ್ತು.

ಕೊಪ್ಪಳದ ಕಡೆಯಿಂದ ಬಂದ ಅವನು ಜ್ಞಾನಭಾರತಿಯ ಒಂದು ಪ್ರಯೋಗಾಲಯದಲ್ಲಿ ಐದು ವರ್ಷದಿಂದ ಹಣ್ಣಿನ ನೊಣ ಸಾಕುತ್ತಿದ್ದ. ನೊಣದ ಮೊಟ್ಟೆಯೊಳಗೆ ಭ್ರೂಣ ಬೆಳೆಯುವಾಗ, ಚರ್ಮದ ಹತ್ತಿರ ಹುಟ್ಟಿದ ಸಂವೇದನೆಯ ನರಗಳು ಎಳೆ ಬಿಟ್ಟು ಒಳಗಿನ ನರಹುರಿಯನ್ನು ಹುಡುಕಿಕೊಂಡು ಹೋಗಬೇಕು. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ದಾರಿ ತೋರಿಸುವುದು ಜೀನ್‌ಗಳು. ಅಂಥ ಒಂದು ಜೀನ್ ಕೆಟ್ಟುಹೋದ ತಳಿ ವೀರೇಶನದು. ಅದರ ಭ್ರೂಣಗಳಲ್ಲಿ ನರಗಳು ಅರ್ಧ ದಾರಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಮೊದಲ ಸಲ ಬಸ್ಸಿಳಿದವರ ಹಾಗೆ ಅತ್ತಿತ್ತ ನೋಡುತ್ತ ನಿಂತುಬಿಡುತ್ತಿದ್ದವು. ಆ ತಳಿ ಈಗ ಅವನ ಹತ್ತಿರ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಒಂದು ಪ್ರಯೋಗವನ್ನು ಇನ್ನೊಮ್ಮೆ ಮಾಡಿ ತೋರಿಸಿದರೆ ಪಿಎಚ್‌ಡಿ ಆದಂತೆಯೇ ಎಂದು ಪರೀಕ್ಷಕರು ಬರೆದಿದ್ದರು.

ಅಷ್ಟರಲ್ಲಿ, ಭಾನುವಾರವಿಡೀ ಕರೆಂಟ್ ಇರುವುದಿಲ್ಲ ಎಂಬ ನೋಟಿಸು ಬಂತು. ಏಪ್ರಿಲ್ ಬಿಸಿಲು ಬೇರೆ, ಪ್ರಯೋಗಾಲಯದ ಎಸಿ ನಿಂತರೆ ಸೆಕೆಗೆ ನೊಣ ಉಳಿಯುವುದಿಲ್ಲ. ವೀರೇಶ ಆ ತಳಿಯ ಆರೂ ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತಿ, ಶ್ರೀಗಂಧದ ಕಾವಲಿನ ತನ್ನ ಬಾಡಿಗೆ ಮನೆಗೆ ತಂದ. ಅವನ ರೂಮು ಟೆರೇಸಿನ ಮೇಲೆ, ಶೀಟು ಹೊದಿಸಿದ್ದು. ಮಧ್ಯಾಹ್ನವಾದರೆ ದೋಸೆ ಹುಯ್ಯಬಹುದು. ಕೆಳಗೆ ಓನರ್ ಮುನಿಲಕ್ಷ್ಮಮ್ಮನವರ ನಡುಮನೆ ಮಾತ್ರ ತಣ್ಣಗಿರುತ್ತಿತ್ತು.

"ಅಮ್ಮಾರ, ಇವು ಸಂಜೀತನ ನಿಮ್ಮ ಮನ್ಯಾಗ ಇರ್ಲಿರಿ."

"ಏನಪ್ಪ ಅದು?"

ನೊಣ ಎಂದರೆ ಹೊಸಿಲು ದಾಟಿಸುವುದಿಲ್ಲ. ಪಕ್ಕದ ಮನೆಯ ನಾರಾಯಣಪ್ಪನವರು ಹಿಂದಿನ ವಾರವಷ್ಟೇ ಬೀದಿಯವರನ್ನೆಲ್ಲ ಸೇರಿಸಿ ಸೊಳ್ಳೆ, ನೊಣಗಳ ಮೇಲೆ ಯುದ್ಧ ಸಾರಿದ್ದರು.

"ಔಷಧಿ ರೀ," ಎಂದ ವೀರೇಶ.

"ಯಾತಕ್ಕೆ?"

"ನರಕ್ಕ."

ನೊಣಗಳಿಗೆಂದು ತಳದಲ್ಲಿ ಹಾಕಿದ್ದ ಜೋಳದ ಹಿಟ್ಟು, ಬೆಲ್ಲದ ಗಂಜಿ ಹುಳಿಹುಳಿಯಾಗಿ ನಾರುತ್ತಿತ್ತು. ವಾಸನೆ ನೋಡಿದರೆ ಭಾರಿ ನಾಟಿ ಔಷಧಿಯೇ ಇರಬೇಕೆಂದು ಮುನಿಲಕ್ಷ್ಮಮ್ಮ ಭಕ್ತಿಯಿಂದ ಒಳಗಿಟ್ಟರು.

ವೀರೇಶ ಐಸ್ ತರಲು ಕಾಮಾಕ್ಷಿಪಾಳ್ಯಕ್ಕೆ ಹೋದ. ಬಸ್ಸು ಸಿಕ್ಕಿ ವಾಪಸು ಬರುವಷ್ಟರಲ್ಲಿ ಎರಡು ತಾಸು. ನಡುಮನೆಯಲ್ಲಿ ಬಾಟಲಿಗಳಿರಲಿಲ್ಲ.

"ಹಂಚಿಬಿಟ್ಟೆ ಕಣಪ್ಪ," ಎಂದರು ಮುನಿಲಕ್ಷ್ಮಮ್ಮ, ಪುಣ್ಯ ಮಾಡಿದವರ ದನಿಯಲ್ಲಿ. "ನಾರಾಯಣಪ್ಪನೋರಿಗೆ ಅಂಗಾಲು ಉರಿ, ಎರಡು ತಗೊಂಡ್ರು. ಎದುರುಮನೆ ಅಲಮೇಲುಗೆ ಬೆರಳೆಲ್ಲ ಜೋಮು, ಅವಳಿಗೂ ಎರಡು. ಮಿಕ್ಕಿದ್ದು ನನ್ನ ಮಂಡಿಗೆ. ನೀನು ಒಳ್ಳೆ ಹುಡ್ಗ, ಬೇಡ ಅನ್ನಲ್ಲ ಅಂದೆ."

"ನಿಮ್ಮವು ಎಲ್ಲಿ ಅದಾವ್ರಿ?"

"ಒಲೆ ಮೇಲೆ. ಬೆಚ್ಚಗೆ ಹಚ್ಕೊಂಡ್ರೆ ನರಕ್ಕೆ ಹತ್ತತ್ತೆ ಅಂತ ನೀರಲ್ಲಿ ಕುದಿಯೋಕೆ ಇಟ್ಟಿದೀನಿ."

ವೀರೇಶ ಎದುರುಮನೆಗೆ ಓಡಿದ. ಅಲಮೇಲು ಬಾಟಲಿಗಳನ್ನು ಫಳಫಳ ತೊಳೆದು ಕಾಂಪೌಂಡಿನ ಮೇಲೆ ಬೋರಲು ಹಾಕಿದ್ದಳು. "ನಿನ್ ಔಷಧಿಲಿ ಹುಳ ಬಿದ್ದಿತ್ತಪ್ಪ. ಪಾಪ, ಆಮೇಲೆ ನಿನಗೇ ಉಪಯೋಗಕ್ಕೆ ಬರ್ಲಿ ಅಂತ ಬ್ಲೀಚಿಂಗ್ ಹಾಕಿ ತೊಳ್ದೆ."

ಉಳಿದದ್ದು ನಾರಾಯಣಪ್ಪ. ಅವರು ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಂಗಾಲಿಗೆ ಗಂಜಿ ದಪ್ಪಗೆ ಮೆತ್ತಿತ್ತು.

"ಬಾಟ್ಲಿ ಬಟ್ಟೆ ಬಿಚ್ಚಿದ್ರೆ ಒಳಗೆಲ್ಲ ನೊಣ ಕಣಯ್ಯ. ಒಂದನ್ನೂ ಬಿಡ್ಲಿಲ್ಲ, ಸ್ಪ್ರೇ ಹೊಡ್ದೆ. ಆದ್ರೆ ಔಷಧಿ ಮಾತ್ರ ಅಸಲಿ. ಹಚ್ಚಿದ ತಕ್ಷಣ ಕಾಲಲ್ಲಿ ಸಣ್ಣಗೆ ಏನೋ ಹರಿದಾಡ್ತು. ಆರು ವರ್ಷದಿಂದ ಮಲಗಿದ್ದ ನರ, ಈಗ ಎದ್ದಿದೆ."

ಹರಿದಾಡಿದ್ದು ಏನೆಂದು ವೀರೇಶನಿಗೆ ಗೊತ್ತಾಯಿತು. ನಾಲ್ಕೇ ನಾಲ್ಕು ಮರಿಹುಳ ಜೀವಂತ ಸಿಕ್ಕರೂ ತಳಿ ಉಳಿಯುತ್ತದೆ. ಅವನು ದಬಕ್ಕನೆ ಮಂಡಿಯೂರಿ, ಅವರ ಪಾದಕ್ಕೆ ಮುಖ ತಾಗುವಷ್ಟು ಬಗ್ಗಿದ.

"ಅಯ್ಯೋ, ಇದೆಲ್ಲ ಯಾಕಪ್ಪ," ಎಂದು ನಾರಾಯಣಪ್ಪ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು. "ದೊಡ್ಡ ಡಾಕ್ಟ್ರಾಗು."

ಹುಳಗಳು ಅಲುಗಾಡುತ್ತಿರಲಿಲ್ಲ. ಸ್ಪ್ರೇ ಗಂಜಿಗೂ ಬಿದ್ದಿತ್ತು.

ಆಗಲೂ ಅವನು ನಿಜ ಹೇಳಲಿಲ್ಲ. ಮುದುಕರ ಮುಖದಲ್ಲಿ ಅಷ್ಟು ನೆಮ್ಮದಿಯಿತ್ತು. ಗೇಟು ಹಾಕಿಕೊಂಡು ಬಂದು, ಬೀದಿ ಬದಿಯ ಕಲ್ಲಿನ ಮೇಲೆ ಕೂತ. ಕೈಯಲ್ಲಿದ್ದ ಐಸ್ ಕರಗಿ ಪ್ಯಾಂಟೆಲ್ಲ ಒದ್ದೆಯಾಯಿತು. ಬೆಳಿಗ್ಗೆ 'ನೊಣ ರೀ' ಎಂದಿದ್ದರೆ ಹೆಚ್ಚೆಂದರೆ ಬೈದು ಕಳಿಸುತ್ತಿದ್ದರು. ಬೈಗುಳದಿಂದ ನೊಣ ಸಾಯುವುದಿಲ್ಲ.

ಆಮೇಲೆ ಅವನಿಗೆ ಸ್ಪಂದನ ನೆನಪಾದಳು. ಅದೇ ಪ್ರಯೋಗಾಲಯದ ಕಿರಿಯಳು. ಎಂಟು ತಿಂಗಳ ಹಿಂದೆ ಅವಳು ಒಂದು ಬಾಟಲಿ ಕೇಳಿದಾಗ, ತನಗಿಂತ ಮೊದಲು ಏನಾದರೂ ಬರೆದು ಪ್ರಕಟಿಸಿಬಿಟ್ಟಾಳು ಎಂದು ಹೆದರಿ ಕೊಡಲಿಲ್ಲ. ಮಾರನೇ ದಿನವೇ ರ್‍ಯಾಕಿಗೆ ಬೀಗ ಹಾಕಿದ, ಅವಳೊಡನೆ ಮಾತೂ ಬಿಟ್ಟ. ಅಂದು ಕೊಟ್ಟಿದ್ದರೆ ಇಂದು ಅವಳ ಹತ್ತಿರವಾದರೂ ಇರುತ್ತಿತ್ತು. ಅದಕ್ಕಾಗಿ ಕ್ಷಮೆಯನ್ನಾದರೂ ಕೇಳೋಣವೆಂದು ಸಂಜೆ ವಿಜಯನಗರದ ಅವಳ ಮನೆಗೆ ಹೋದ.

"ನನ್ನ ತಪ್ಪು ಸ್ಪಂದನಾ. ಎಲ್ಲಾ ಹೋತು. ನಿನಗ ಕೊಡಬೇಕಿತ್ತು," ಎಂದು ನಡೆದದ್ದನ್ನೆಲ್ಲ ಹೇಳಿದ.

ಸ್ಪಂದನ ತಲೆ ತಗ್ಗಿಸಿದಳು. "ಬೈಬೇಡಿ ವೀರೇಶಣ್ಣ. ನೀವು ಬೀಗ ಹಾಕೋ ದಿನ ಬೆಳಿಗ್ಗೆನೇ ಒಂದು ಬಾಟ್ಲಿ ತಗೊಂಡ್ಬಿಟ್ಟಿದ್ದೆ. ಈಗ್ಲೂ ಇದೆ."

ವೀರೇಶನಿಗೆ ಹೋದ ಜೀವ ಬಂದಂತಾಯಿತು. ಜಗತ್ತಿನಲ್ಲಿ ಕಳ್ಳತನದಷ್ಟು ಪವಿತ್ರ ಕೆಲಸ ಇನ್ನೊಂದಿಲ್ಲ ಎನಿಸಿತು.

"ಆದ್ರೆ ಅದರಲ್ಲಿ ಏನೂ ಇಲ್ಲ," ಎಂದಳು ಅವಳು. "ನೂರಾರು ಭ್ರೂಣ ನೋಡ್ದೆ. ಎಲ್ಲದರಲ್ಲೂ ನರಗಳು ನೆಟ್ಟಗೆ ಹೋಗಿ ಸೇರ್ತಿವೆ. ನಾನು ತಗೊಳ್ಳೋ ಮೊದ್ಲೇ ನಿಮ್ಮ ಬಾಟ್ಲಿಗಳಿಗೆಲ್ಲ ಸಾದಾ ನೊಣ ಸೇರ್ಕೊಂಡು, ನಿಮ್ಮ ತಳಿ ಮುಗ್ದೇ ಹೋಗಿದೆ. ನೀವು ವರ್ಷದಿಂದ ಬರೀತಾ ಕೂತಿದ್ರಿ, ಸೂಕ್ಷ್ಮದರ್ಶಕದಲ್ಲಿ ನೋಡ್ಲೇ ಇಲ್ಲ."

"ಅಂದ್ರ, ಇವತ್ತು ಸತ್ತಿದ್ದು?"

"ಬಾಳೆಹಣ್ಣಿನ ಮೇಲೆ ಕೂರ್ತವಲ್ಲ, ಅವೇ."

"ಆಗ ಹೇಳಬಾರದಿತ್ತೇನು?"

"ಹೇಳೋಕೆ ಮೂರು ಸಲ ಬಂದೆ. ನೀವು ಮುಖ ತಿರುಗಿಸ್ಕೊಂಡು ಹೋದ್ರಿ. ಆಗಿನ್ನೂ ನಮ್ಮ ಗೈಡ್ ಮೇಡಂ ರ್‍ಯಾಕಲ್ಲಿ ನಿಮ್ಮ ಅಸಲಿ ತಳಿ ಒಂದು ಬಾಟ್ಲಿ ಇತ್ತು. ಆಮೇಲೆ ನೋಡಿದ್ರೆ ಇಲ್ಲ. ಯಾರೋ ತೊಳೆದು ಇಟ್ಟಿದ್ರು."

ಯಾರೆಂದು ವೀರೇಶ ಕೇಳಲಿಲ್ಲ. ಅದೂ ಇವಳ ಕೈಗೆ ಸಿಗದಿರಲಿ ಎಂದು, ಮೇಡಂ ಊರಿಗೆ ಹೋದ ದಿನ ನೋಡಿ, ತಾನೇ ಬ್ರಷ್ ಹಾಕಿ ಎರಡು ಸಲ ತೊಳೆದಿದ್ದ.